ಯಾರೂ ಬಿತ್ತದ ಕಾಳು

ನಮ್ಮ ದೆಬ್ರೆ ಮಾರ್ಕೋಸಿನಲ್ಲಿ ಯಾರಾದರೂ ಒಂದು ಮಾತನ್ನು ನೇರವಾಗಿ ಹೇಳಿದರೆ ಜನ ಅವನನ್ನು ಒಂದೋ ಕುಡುಕ ಅನ್ನುತ್ತಾರೆ, ಇಲ್ಲವೇ ಪರವೂರಿನವನು ಅನ್ನುತ್ತಾರೆ. ತಿಬೆಬು ಎರಡೂ ಅಲ್ಲ. ಅವನು ಚರ್ಚಿನ ಅಂಗಳದಲ್ಲಿ ಕೆನೆ ಕಲಿಸುವ ಮೇಷ್ಟ್ರು. ಊರೆಲ್ಲ ಅವನನ್ನು ‘ಯೆನೇತಾ’ ಎಂದು ಕರೆಯುತ್ತದೆ, ಗುರುಗಳೇ ಅಂದ ಹಾಗೆ. ಕೆನೆ ಅಂದರೆ ನಮ್ಮ ಪದ್ಯ: ಮೇಲೆ ಮೇಣ, ಒಳಗೆ ಚಿನ್ನ. ಅಕ್ಕಸಾಲಿ ಮೇಣದ ಅಚ್ಚು ಮಾಡಿ ಅದರೊಳಕ್ಕೆ ಚಿನ್ನ ಹೊಯ್ಯುತ್ತಾನಲ್ಲ, ಹಾಗೆ. ಕೇಳಿದ ಕೂಡಲೇ ಒಂದು ಅರ್ಥ, ಮನೆಗೆ ಹೋಗಿ ಕೈಕಾಲು ತೊಳೆದ ಮೇಲೆ ಇನ್ನೊಂದು. ಈ ವಿದ್ಯೆಯಲ್ಲಿ ತಿಬೆಬುವನ್ನು ಮೀರಿಸುವವರು ನಮ್ಮ ಗೊಜ್ಜಾಮ್ ಸೀಮೆಯಲ್ಲೇ ಇರಲಿಲ್ಲ. ಸಾರಿಗೆ ಉಪ್ಪು ಕಡಿಮೆ ಎಂದು ಹೇಳಬೇಕಾದರೂ ಅವನು ಸಮುದ್ರದಿಂದ ಶುರುಮಾಡುತ್ತಿದ್ದ. ಹೇಳಿ ಮುಗಿಸುವಷ್ಟರಲ್ಲಿ ಊಟವೇ ಮುಗಿದಿರುತ್ತಿತ್ತು.

ಚರ್ಚಿನ ಎದುರಿಗೆ ನನ್ನ ಪುಸ್ತಕದಂಗಡಿ. ನನ್ನ ಹೆಸರು ಬೆಲೆಟೆ; ಕಿರಿಯರು ‘ಗಾಶೆ’ ಅನ್ನುತ್ತಾರೆ, ಅಣ್ಣಾ ಅಂದ ಹಾಗೆ. ಪುಸ್ತಕ ಕೊಳ್ಳುವವರಿಗಿಂತ ನನ್ನ ಬೆಂಚಿನ ಮೇಲೆ ಕೂರಲು ಬರುವವರೇ ಹೆಚ್ಚು. ಹಾಗೆ ಬರುತ್ತಿದ್ದವರಲ್ಲಿ ತಿಬೆಬು ಒಬ್ಬ, ಆಸ್ಪತ್ರೆಯ ಡಾಕ್ಟರ್ ನಹುಸೆನಾಯ್ ಇನ್ನೊಬ್ಬ. ಡಾಕ್ಟರ್ ಚಿಕ್ಕ ವಯಸ್ಸಿನವನು, ಸದಾ ಅವಸರದವನು. ಎದೆಯ ಎಕ್ಸ್‌ರೇ ನೋಡಿ ಹೆಂಗಸರ ಮೊಲೆಯಲ್ಲಿ ಅಡಗಿರುವ ಗಂಟನ್ನು ಕಂಡುಹಿಡಿಯುವ ಯಂತ್ರವೊಂದು ಅವನ ಕೈಗೆ ಬಂದಿತ್ತು. ಆ ಚಿತ್ರಗಳನ್ನು ಓದಬಲ್ಲ ತಜ್ಞರು ನಮ್ಮ ಸೀಮೆಯಲ್ಲಿ ಇಲ್ಲ. ಇದ್ದವರು ರಾಜಧಾನಿಯಲ್ಲಿದ್ದಾರೆ, ಅಲ್ಲಿಯೂ ಬೆರಳೆಣಿಕೆ.

“ಗಂಟು ಅಂದ್ರೆ ಏನು ಅಂತ ಇದಕ್ಕೆ ಯಾರೂ ಹೇಳಿಕೊಟ್ಟಿಲ್ಲ ಯೆನೇತಾ,” ಎಂದು ಒಂದು ದಿನ ಅವನು ತಿಬೆಬುಗೆ ವಿವರಿಸಿದ. “ಲಕ್ಷಗಟ್ಟಲೆ ಚಿತ್ರ ತೋರಿಸಿದಾರೆ. ಇದರಲ್ಲಿ ಇತ್ತು, ಇದರಲ್ಲಿ ಇರಲಿಲ್ಲ, ಅಷ್ಟೇ. ನೋಡಿ ನೋಡಿ ತಾನೇ ಕಲ್ತಿದೆ. ಒಂದು ಪದರ ಬರೀ ಗೆರೆ ನೋಡುತ್ತೆ, ಅದರ ಮೇಲಿಂದು ಆಕಾರ ನೋಡುತ್ತೆ, ಇನ್ನೂ ಮೇಲಿಂದು ಇನ್ನೇನೋ ನೋಡುತ್ತೆ. ಆಳ ಕಲಿಕೆ ಅಂತಾರೆ.”

“ನಾನೂ ಆಳವಾಗೇ ಕಲ್ತೆ,” ಎಂದ ತಿಬೆಬು. “ಮನೆಮನೆ ಬೇಡ್ಕೊಂಡು, ಬೀದಿ ನಾಯಿಗಳ ಕೈಲಿ ಕಚ್ಚಿಸ್ಕೊಂಡು. ಇದಕ್ಕೆ ನಾಯಿ ಕಚ್ಚಿದೆಯಾ?”

“ಇಲ್ಲ.”

“ಹಾಗಾದ್ರೆ ಅರ್ಧ ಕಲ್ತಿದೆ. ಇರ್ಲಿ, ಮೇಣದೊಳಗಿನ ಚಿನ್ನ ಕಾಣುತ್ತಾ ಅದಕ್ಕೆ?”

“ಕೈಗೆ ಸಿಗೋಕೆ ಮುಂಚೆ ಕಾಣುತ್ತೆ. ಮಸೂರ ಬೇಳೆಗಿಂತ ಚಿಕ್ಕದಿದ್ದಾಗಲೇ.”

ಯಂತ್ರಕ್ಕೆ ಕಾಣುವುದು ಕಷ್ಟವಿರಲಿಲ್ಲ. ಕಂಡದ್ದನ್ನು ಹೇಳುವುದು ಕಷ್ಟವಾಗಿತ್ತು. ಫಲಿತಾಂಶ ಹೆಂಗಸರ ಫೋನಿಗೆ ಸಂದೇಶವಾಗಿ ಹೋಗುತ್ತಿತ್ತು. ಮೊದಮೊದಲು ಡಾಕ್ಟರ್ ‘ಕ್ಯಾನ್ಸರ್ ಶಂಕೆ’ ಎಂದು ಎರಡು ಪದ ಬರೆದು ಕಳಿಸಿದ. ಒಬ್ಬಳು ಫೋನನ್ನು ಬಾವಿಗೆ ಎಸೆದಳು. ಇನ್ನೊಬ್ಬಳು ಪವಿತ್ರ ನೀರಿನ ಬುಗ್ಗೆಗೆ ಹೋದವಳು ಹಿಂದಿರುಗಲೇ ಇಲ್ಲ. ಮತ್ತೊಬ್ಬಳ ಗಂಡ ಸಂದೇಶ ಓದಿ ಹೆಂಡತಿಯನ್ನು ತವರಿಗೆ ಕಳಿಸಿದ.

“ನಮ್ಮ ಜನಕ್ಕೆ ಹೀಗೆ ಮುಖಕ್ಕೆ ಹೊಡೆದ ಹಾಗೆ ಹೇಳ್ತಾರಾ?” ಎಂದು ತಿಬೆಬು ಗದರಿಸಿದ. “ಸಾವಿನ ಸುದ್ದಿಯನ್ನೇ ನಾವು ಹಿರಿಯರನ್ನ ಕರ್ಕೊಂಡು, ಬೆಳಗಿನ ಹೊತ್ತು ಹೋಗಿ, ಮೆಲ್ಲಗೆ ಹೇಳೋರು.”

“ಹಾಗಾದ್ರೆ ನೀವೇ ಬರೆದುಕೊಡಿ.”

ಬರೆದುಕೊಟ್ಟ. ಗಂಟಿಲ್ಲದವರಿಗೆ ಒಂದು ವಾಕ್ಯ, ಇರುವವರಿಗೆ ಇನ್ನೊಂದು. ಎರಡನೆಯದು ಹೀಗಿತ್ತು:

‘ನಿಮ್ಮ ಎದೆಯ ಹೊಲದಲ್ಲಿ ಯಾರೂ ಬಿತ್ತದ ಕಾಳೊಂದು ಕಣ್ಣು ಬಿಟ್ಟಿದೆ. ತಡಮಾಡಬೇಡಿ, ನಮ್ಮ ಬಾಗಿಲು ತೆರೆದೇ ಇದೆ.’

ಓದಿ ನನ್ನ ಮೈ ಜುಮ್ಮೆಂದಿತು. ಡಾಕ್ಟರ್‌ನ ಕಣ್ಣಲ್ಲಿ ನೀರೇ ಬಂತು. ಅವನ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು ಅನ್ನುವುದೂ ನಿಜ. ಆಸ್ಪತ್ರೆಯ ಹೆಸರು ಬೇಡ ಎಂದು ಮೂವರೂ ಒಪ್ಪಿದೆವು, ಗಂಡಂದಿರ ಕಣ್ಣಿಗೆ ಬೀಳದಿರಲಿ ಎಂದು. ತಿಬೆಬುಗೆ ಎರಡು ಅಳುಕು ಇದ್ದವು. ಕೆನೆಯನ್ನು ಒಮ್ಮೆ ಹಾಡಿದರೆ ಮತ್ತೆ ಹಾಡುವ ಹಾಗಿಲ್ಲ, ಪ್ರತಿ ಸಲವೂ ಹೊಸತು ಕಟ್ಟಬೇಕು ಅನ್ನುವುದು ಒಂದು. “ಯಂತ್ರ ಹಾಡಲ್ಲ ಯೆನೇತಾ, ಬರೀ ಕಳಿಸುತ್ತೆ,” ಎಂದು ಡಾಕ್ಟರ್ ಅದನ್ನು ತೀರಿಸಿದ. ಯಂತ್ರಕ್ಕೆ ಪದ್ಯ ಬರೆದುಕೊಟ್ಟ ಮೇಷ್ಟ್ರು ಎಂದು ಚರ್ಚಿನವರು ನಗುತ್ತಾರೆ ಅನ್ನುವುದು ಇನ್ನೊಂದು. ಯಾರಿಗೂ ಹೇಳುವುದಿಲ್ಲ ಎಂದು ನಾವು ಮಾತು ಕೊಟ್ಟೆವು. ಮಾತು ಉಳಿಸಿಕೊಂಡೆವು ಕೂಡ. ಮಾತು ಮುರಿಯುವವರ ಊರಾಗಿದ್ದರೆ ಈ ಕಥೆ ಬೇರೆಯೇ ಆಗುತ್ತಿತ್ತು.

ಇನ್ನು ಅಸೆಲೆಫೆಚ್. ನನ್ನ ಅಂಗಡಿಯ ಹಿಂದಿನ ಬೀದಿಯಲ್ಲಿ ಅವಳ ಮನೆ. ಬಿಳಿ ಹತ್ತಿಯ ಉಡುಪಿಗೆ ಕೊರಳಿನಿಂದ ಅಂಚಿನವರೆಗೆ ಇಳಿಯುವ ಕಸೂತಿ ಹಾಕುವುದು ಅವಳ ಕೆಲಸ. ಅವಳ ಶಿಲುಬೆಯ ಕಸೂತಿ ಉಟ್ಟ ಮದುಮಗಳು ದೂರದ ಗೊಂಡರ್ ಪಟ್ಟಣದಲ್ಲೂ ಗುರುತು ಸಿಗುತ್ತಾಳೆ. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಭಾನುವಾರ ಪೂಜೆಯ ನಂತರ ಅವಳ ಮನೆಯಲ್ಲಿ ಕಾಫಿ: ನೆಲಕ್ಕೆ ಹಸಿ ಹುಲ್ಲು ಹರಡಿ, ಬೀಜ ಹುರಿದು, ಮೂರು ಸುತ್ತು. ನಾವು ಕೆಲವರು ಅಲ್ಲಿ ಖಾಯಂ. ಹೆಂಡತಿ ಸತ್ತ ಮೇಲೆ ತಿಬೆಬು ಅಲ್ಲಿ ಒಂದು ಭಾನುವಾರವೂ ತಪ್ಪಿಸಿದವನಲ್ಲ. ಅವನಿಗೆ ಅವಳ ಮೇಲೆ ಮನಸ್ಸಿದೆ ಎಂದು ಊರಿಗೆಲ್ಲ ಗೊತ್ತಿತ್ತು. ಅವನೂ ಹೇಳುತ್ತಿದ್ದ, ತನ್ನ ರೀತಿಯಲ್ಲಿ: ಕಾಫಿಯನ್ನು ಹೊಗಳುತ್ತಿದ್ದ. ಮೇಣ ಕಾಫಿ, ಚಿನ್ನ ಯಾರೆಂದು ಕೂತವರೆಲ್ಲರಿಗೂ ತಿಳಿಯುತ್ತಿತ್ತು. ಅಸೆಲೆಫೆಚ್ ಮಾತ್ರ, “ಯೆನೇತಾ, ಬೀಜ ಯಾವ ಅಂಗಡಿದು ಅಂತ ಬೇಕಾ? ವಿಳಾಸ ಕೊಡ್ತೀನಿ,” ಅನ್ನುತ್ತಿದ್ದಳು.

ಎದೆಯ ಚಿತ್ರ ತೆಗೆಸಿಕೋ ಎಂದು ಅವಳಿಗೆ ಒತ್ತಾಯ ಮಾಡಿದವನು ಅವನೇ.

“ನನ್ನ ಎದೆ ನೋಡೋಕೆ ಯಂತ್ರ ಯಾಕಪ್ಪಾ,” ಎಂದಳು ಅವಳು, “ಊರಲ್ಲಿ ಗಂಡಸರಿಗೆ ಕಣ್ಣು ಹೋಗಿದೆಯಾ?”

ಹೆಂಗಸರು ಬಿದ್ದು ಬಿದ್ದು ನಕ್ಕರು. ತಿಬೆಬು ಕಾಫಿ ಕುಡಿಯುವುದನ್ನು ಬಿಟ್ಟು ಬಟ್ಟಲಿನ ತಳವನ್ನು ಪರೀಕ್ಷಿಸತೊಡಗಿದ. ಆದರೆ ಅವಳು ಹೋದಳು, ತೆಗೆಸಿಕೊಂಡು ಬಂದಳು. ಆಸ್ಪತ್ರೆಯಿಂದ ಸಂದೇಶ ಬರುತ್ತದೆ ಅಂದಿದ್ದರು.

ಬಂತು. ಆಮೇಲೆ ನಮಗೆ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ, ಬಚ್ಚಿಟ್ಟು ಆಟವಾಡಿಸುವುದು ತಿಬೆಬುವಿನ ವಿದ್ಯೆ, ನನ್ನದಲ್ಲ. ಅಸೆಲೆಫೆಚ್‌ಗೆ ಗೊತ್ತಿದ್ದ ಆಸ್ಪತ್ರೆಯ ಭಾಷೆ ಎಂದರೆ ‘ಬೆಳಗ್ಗೆ ಒಂದು, ರಾತ್ರಿ ಒಂದು, ಊಟದ ಮೇಲೆ’. ಈ ಸಂದೇಶದಲ್ಲಿ ಹೊಲವಿತ್ತು, ಎದೆಯಿತ್ತು, ಕಣ್ಣು ಬಿಟ್ಟ ಕಾಳಿತ್ತು, ತೆರೆದ ಬಾಗಿಲಿತ್ತು. ಅವಳು ಬಲ್ಲ ಜಗತ್ತಿನಲ್ಲಿ ಹೀಗೆ ಮಾತಾಡುವ ಮನುಷ್ಯ ಒಬ್ಬನೇ. ಅವನ ಬಳಿ ಫೋನ್ ಇಲ್ಲ, ಯಾರದೋ ನಂಬರಿನಿಂದ ಕಳಿಸಿದ್ದಾನೆ, ಅಂತೂ ಇಂತೂ ಇಷ್ಟು ವರ್ಷಕ್ಕೆ ಮುದುಕ ಬಾಯಿಬಿಟ್ಟ ಎಂದುಕೊಂಡಳು. ಆಸ್ಪತ್ರೆಯಿಂದ ಏನೂ ಬರಲಿಲ್ಲ ಅಂದರೆ ಏನೂ ಇಲ್ಲ ಎಂದೂ ಅಂದುಕೊಂಡಳು. ವಾಕ್ಯವನ್ನು ಅವಳು ತಪ್ಪಾಗಿ ಓದಿದಳು ಎಂದು ನಾನು ಹೇಳಲಾರೆ. ಬರೆದವನ ಕೈ ಹಾಗೇ ಇತ್ತು.

ಮುಂದಿನ ಭಾನುವಾರ ಬೀಜ ಹುರಿಯುತ್ತ ಅವಳು ಏನೋ ಗುನುಗುತ್ತಿದ್ದಳು. ತಿಬೆಬು ನನ್ನ ಪಕ್ಕ ಕೂತಿದ್ದ. “ಯಾರೂ ಬಿತ್ತದ ಕಾಳು, ಯಾರೂ ಬಿತ್ತದ ಕಾಳು,” ಎಂದು ಹೊಗೆಯೊಳಗಿನಿಂದ ಕೇಳಿಸಿತು. ಆ ದಿನ ಅವಳು ಮೊದಲ ಬಟ್ಟಲನ್ನು ಹಿರಿಯ ಪಾದ್ರಿ ಅಬ್ಬಾ ಗೆಬ್ರೆಯೆಸ್‌ಗೆ ಕೊಡದೆ ತಿಬೆಬುಗೆ ಕೊಟ್ಟಳು. ಅವನು ಹಿಡಿದುಕೊಂಡ. ಕಾಫಿ ಅವನ ಬಿಳಿ ಶಾಲಿನ ಮೇಲೆ ಚೆಲ್ಲಿತು.

“ಕೈ ನಡುಗುತ್ತಾ ಯೆನೇತಾ?” ಎಂದಳು, ಕಣ್ಣಲ್ಲೇ ನಗುತ್ತ. “ಪರವಾಗಿಲ್ಲ, ವಯಸ್ಸಿನ ಹುಡುಗರಿಗೂ ಹಾಗಾಗುತ್ತೆ.”

ಮೂರನೆಯ ಸುತ್ತಿಗೆ ಮುಂಚೆಯೇ ಅವನು ಎದ್ದ. ಹಾಗೆ ಏಳುವುದು ಮನೆಗೆ ಒಳ್ಳೆಯದಲ್ಲ. ಇಬ್ಬರೂ ನೇರ ಡಾಕ್ಟರ್ ಹತ್ತಿರ ಹೋದೆವು. ಅವನು ಪರದೆಯ ಮೇಲೆ ಚಿತ್ರ ತೋರಿಸಿದ. ಹಾಲಿನ ಹಾಗೆ ಬೆಳ್ಳಗಿದ್ದ ಎದೆಯೊಳಗೆ ಯಂತ್ರ ಒಂದು ಸಣ್ಣ ಉಂಗುರ ಬರೆದಿತ್ತು. ನಾನು ಎಷ್ಟು ನೋಡಿದರೂ ಉಂಗುರದೊಳಗೆ ಏನೂ ಕಾಣಲಿಲ್ಲ.

“ನನಗೂ ಕಾಣ್ತಿರಲಿಲ್ಲ,” ಎಂದ ಡಾಕ್ಟರ್. “ಅದಕ್ಕೆ ಕಂಡಿದೆ. ಇಷ್ಟು ಬೇಗ ಸಿಗೋದು ಅದೃಷ್ಟ ಯೆನೇತಾ. ಸೂಜಿ ಹಾಕಿ ನೋಡಬೇಕು, ತೆಗೀಬೇಕು, ಮುಗೀತು. ನಾಳೆ ಕರ್ಕೊಂಡು ಬನ್ನಿ.”

“ನಾಳೆ?” ಎಂದ ತಿಬೆಬು. ನಾಳೆಯೇ ಚಂದ್ರನ ಮೇಲೆ ಬನ್ನಿ ಎಂದು ಕರೆದ ಹಾಗಿತ್ತು ಅವನ ಮುಖ. “ಒಂಟಿ ಹೆಂಗಸು. ಅಣ್ಣ ದೂರದ ಹುಮೆರಾದಲ್ಲಿದ್ದಾನೆ. ಹಿರಿಯರಿಲ್ಲದೆ ಹೇಗೆ ಹೇಳೋದು?”

“ಬಾಯಿಂದ ಹೇಳೋದು.”

“ಮಗಾ, ನೀನು ಯಂತ್ರದ ಜೊತೆ ಜಾಸ್ತಿ ಇರ್ತೀಯ.”

ಡಾಕ್ಟರ್ ತಾನೇ ಹೇಳುತ್ತೇನೆ ಅಂದ. ತಿಬೆಬು ಬೇಡವೆಂದ. ಕೈಮುಗಿದು ಬೇಡವೆಂದ. ತನ್ನ ವಾಕ್ಯ ಅವಳ ಬಾಯಲ್ಲಿ ಹಾಡಾಗಿದ್ದು ಅವನಿಗೆ ಬೇರೆಯೇ ರೀತಿ ಅರ್ಥವಾಗಿತ್ತು: ಅವಳಿಗೆ ಚಿನ್ನ ಸಿಕ್ಕಿದೆ, ಧೈರ್ಯಕ್ಕಾಗಿ ಹಾಡಿಕೊಳ್ಳುತ್ತಿದ್ದಾಳೆ, ಪಾಪ, ಎಂದು. ಅವಳಂಥ ಹೆಂಗಸಿಗೆ ಮೇಣ ಒಂದು ಲೆಕ್ಕವಾ ಎಂದು. ಆದ್ದರಿಂದ ಈಗ ಮಾಡಬೇಕಾದ್ದು ಪದ್ಧತಿಯ ಪ್ರಕಾರ ಹಿರಿಯರನ್ನು ಕಳಿಸುವುದು. ಹುಮೆರಾದ ಅಣ್ಣನಿಗೆ ಹೇಳಿಕಳಿಸಿದೆವು. ಅವನು ಎಳ್ಳಿನ ಕೊಯ್ಲು ಮಾರಿ ಬರುತ್ತೇನೆ ಅಂದ, ಬರಲಿಲ್ಲ. ಕಾಯುತ್ತ ಫಾಸಿಕಾಕ್ಕೆ, ಅಂದರೆ ಈಸ್ಟರ್ ಹಬ್ಬಕ್ಕೆ, ಮುಂಚಿನ ದೊಡ್ಡ ಉಪವಾಸ ಶುರುವಾಗಿಬಿಟ್ಟಿತು. ಕೊನೆಗೆ ಅಣ್ಣನಿಲ್ಲದಿದ್ದರೂ ಸರಿ ಎಂದು ಅಬ್ಬಾ ಗೆಬ್ರೆಯೆಸ್, ನಿವೃತ್ತ ಮೇಜರ್ ದೆಮಿಸ್ಸೆ ಮತ್ತು ನಾನು ಹೊರಟೆವು. ತಿಬೆಬು ಬರಲಿಲ್ಲ. ಅಳುವುದನ್ನು ನೋಡಲಾರೆ ಅಂದ.

ಬೆಳಗಿನ ಹೊತ್ತು. ಮೂವರೂ ದಪ್ಪ ಬಿಳಿ ಗಬಿ ಶಾಲು ಹೊದ್ದಿದ್ದೆವು, ಕೈಯಲ್ಲಿ ಕೋಲು. ಬಾಗಿಲು ತೆಗೆದ ಅಸೆಲೆಫೆಚ್ ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು. ನೋಡಿದವಳ ಮುಖ ಅರಳಿತು.

“ಬನ್ನಿ, ಬನ್ನಿ, ಕೂತ್ಕೊಳ್ಳಿ.”

ನಮಗೆ ಕೂರಲು ಮನಸ್ಸಾಗಲಿಲ್ಲ. ಇಂಥ ಸುದ್ದಿ ಇಟ್ಟುಕೊಂಡು ಅವಳ ಚಾಪೆಯ ಮೇಲೆ ಹೇಗೆ ಕೂರುವುದು?

“ಇರ್ಲಿ ತಾಯಿ,” ಎಂದರು ಅಬ್ಬಾ. “ಒಂದು ಮಾತಿದೆ. ಅದು ಮುಗೀದೆ ಕೂರೋ ಹಾಗಿಲ್ಲ.”

ಇದನ್ನು ಓದುತ್ತಿರುವ ನಮ್ಮ ಊರಿನವರು ಈಗಾಗಲೇ ಹಣೆ ಚಚ್ಚಿಕೊಂಡಿರುತ್ತಾರೆ. ಬೆಳಗಿನ ಹೊತ್ತು, ಮೂವರು ಹಿರಿಯರು, ಬಿಳಿ ಹೊದಿಕೆ, ಮಾತು ಮುಗಿಯದೆ ಕೂರುವುದಿಲ್ಲ ಎಂಬ ಹಟ: ಹೆಣ್ಣು ಕೇಳಲು ಹೋಗುವವರು ಹೀಗೆಯೇ ಹೋಗುತ್ತಾರೆ, ಇದೇ ಮಾತನ್ನು ಆಡುತ್ತಾರೆ. ನಮಗೆ ಆ ಕ್ಷಣ ಹೊಳೆಯಲಿಲ್ಲ. ಮೂವರ ತಲೆಯಲ್ಲೂ ಆ ಉಂಗುರವೇ ಇತ್ತು.

ಅಸೆಲೆಫೆಚ್ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. “ಮಾತೇನು ಬೇಡ ಅಬ್ಬಾ. ನನಗೆ ಎಲ್ಲ ಅರ್ಥ ಆಗಿದೆ. ಸಂದೇಶ ಬಂದ ದಿನವೇ ಆಯ್ತು. ಮೇಣವೂ ಆಯ್ತು, ಚಿನ್ನವೂ ಆಯ್ತು.”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

“ಅರ್ಥ ಆಗಿದ್ಯಾ?” ಎಂದ ಮೇಜರ್.

“ನಾನೇನು ಹಾಲು ಕುಡಿಯೋ ಮಗೂನಾ? ಆದರೆ ಉಪವಾಸದಲ್ಲಿ ಇಂಥದ್ದನ್ನೆಲ್ಲ ಮಾಡ್ತಾರಾ? ಫಾಸಿಕಾ ಆಗ್ಲಿ. ಹಬ್ಬ ಮುಗಿದ ಮೇಲೆ ಬನ್ನಿ, ಏನು ಆಗಬೇಕೋ ಆಗ್ಲಿ, ನಾನು ಇಲ್ಲ ಅನ್ನಲ್ಲ.”

“ಡಾಕ್ಟರ್ ಮಾತ್ರ ಬೇಗ ಅಂತ…” ಎಂದು ನಾನು ಬಾಯಿ ತೆರೆದೆ.

“ಡಾಕ್ಟರ್‌ಗೂ ಹೇಳಿದಾನಾ!” ಎಂದು ಅವಳು ನಕ್ಕಳು. “ಊರಿಗೆಲ್ಲ ಸಾರಿದಾನೆ ಅನ್ನಿ. ಆ ಮನುಷ್ಯನಿಗೆ ಹೇಳಿ ಗಾಶೆ ಬೆಲೆಟೆ, ಇಷ್ಟು ವರ್ಷ ಕಾದಿದ್ದಾಯ್ತು, ಇನ್ನು ನಾಲ್ಕು ವಾರಕ್ಕೆ ಯಾರೂ ಸಾಯಲ್ಲ ಅಂತ.”

ನಗು ಸ್ವಲ್ಪ ಹೆಚ್ಚಾಯಿತು ಅನ್ನಿಸಿತು ನನಗೆ. ದೊಡ್ಡ ಧೈರ್ಯದ ಹೆಂಗಸು ಎಂದುಕೊಂಡೆ. ಮೇಜರ್ ಯುದ್ಧ ಕಂಡವನು. ದಾರಿಯುದ್ದಕ್ಕೂ, “ನಮ್ಮ ಪಡೆಯಲ್ಲೂ ಇಂಥ ಎದೆಗಾರಿಕೆ ನೋಡಿರಲಿಲ್ಲ,” ಅನ್ನುತ್ತಲೇ ಇದ್ದ. ನಾವು ಮೂವರೂ ಹಗುರವಾಗಿದ್ದೆವು, ಅದನ್ನು ಅಲ್ಲಗಳೆಯುವುದಿಲ್ಲ. ಹೇಳಲಾರದ ಮಾತನ್ನು ಹೇಳದೆಯೇ ಮುಗಿಸಿ ಬಂದಿದ್ದೆವು. ಪದ್ಧತಿಗೆ ಇದಕ್ಕಿಂತ ದೊಡ್ಡ ಗೆಲುವು ಇಲ್ಲ.

ಡಾಕ್ಟರ್ ಸುಮ್ಮನಿರಲಿಲ್ಲ, ಫೋನ್ ಮಾಡಿದ. “ಎಲ್ಲ ಗೊತ್ತು ಮಗಾ, ಹಿರಿಯರು ಬಂದು ಹೋದ್ರು, ಫಾಸಿಕಾ ಆಗ್ಲಿ,” ಎಂದಳಂತೆ ಅವಳು. “ನೀನು ಮದುವೆ ಆಗದ ಹುಡುಗ, ಇದರಲ್ಲೆಲ್ಲ ತಲೆ ಹಾಕಬೇಡ,” ಎಂದೂ ಸೇರಿಸಿದಳಂತೆ. ಅವನು ನನ್ನ ಬೆಂಚಿನ ಮೇಲೆ ಬಂದು ಕುಕ್ಕರಿಸಿದ.

“ಈ ಊರಲ್ಲಿ ಕ್ಯಾನ್ಸರ್ ಕೂಡ ಉಪವಾಸ ಮಾಡುತ್ತೆ ಅಂದ್ಕೊಂಡಿದಾರೆ ಗಾಶೆ. ಅದು ಮಾಡಲ್ಲ. ಅದಕ್ಕೆ ದಿನಾ ಹಬ್ಬ.”

ಆ ಉಪವಾಸದುದ್ದಕ್ಕೂ ಅಸೆಲೆಫೆಚ್ ಕೆಲಸ ಒಪ್ಪಿಕೊಳ್ಳಲಿಲ್ಲ. ಬಾಗಿಲು ಹಾಕಿಕೊಂಡು ಒಂದೇ ಉಡುಪಿಗೆ ಕಸೂತಿ ಹಾಕುತ್ತಿದ್ದಳು. ಯಾರದು ಎಂದರೆ, ಒಬ್ಬಳು ಮುದಿ ಮದುಮಗಳದು ಅನ್ನುತ್ತಿದ್ದಳು. ಶವಕ್ಕೆ ಹೊದಿಸಲು ತಾನೇ ಸಿದ್ಧಮಾಡಿಕೊಳ್ಳುತ್ತಿದ್ದಾಳೆ ಎಂದು ತಿಬೆಬುಗೆ ಯಾರೋ ಹೇಳಿದರು. ಅವನು ಭಾನುವಾರದ ಕಾಫಿಗೂ ಹೋಗುವುದನ್ನು ಬಿಟ್ಟ. ಮದುಮಗ ನಾಚಿಕೊಂಡಿದ್ದಾನೆ ಎಂದು ಅವಳು ಸಂತೋಷಪಟ್ಟಳು.

ಫಾಸಿಕಾ ಬಂತು. ಹಬ್ಬದ ವಾರ ಕಳೆದ ಮೇಲೆ ನಾವು ಮತ್ತೆ ಹೊರಟೆವು. ಈ ಸಲ ತಿಬೆಬುವನ್ನೂ ಎಳೆದುಕೊಂಡು ಹೋದೆವು. ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಲ್ಲ. ಬಾಗಿಲಲ್ಲಿ ಅವಳು ನಿಂತಿದ್ದಳು. ಹೊಸ ಉಡುಪು, ಕೊರಳಿಂದ ಪಾದದವರೆಗೆ ಹಸಿರು ಮತ್ತು ಹೊನ್ನಿನ ಶಿಲುಬೆಗಳು. ಕೈಗೆ ಮದರಂಗಿ. ಒಳಗೆ ಹಬ್ಬದ ಡೊರೊ ಕೋಳಿಸಾರಿನ ವಾಸನೆ. ನಮ್ಮ ನಡುವೆ ತಿಬೆಬುವನ್ನು ನೋಡಿ, “ಅಯ್ಯೋ, ಗಂಡನ್ನೇ ಕರ್ಕೊಂಡು ಬರ್ತಾರಾ? ಯಾವ ಪದ್ಧತಿ ಇದು?” ಎಂದು ನಗತೊಡಗಿದಳು.

ಆಗ ಅರ್ಥವಾಯಿತು. ಮೂವರಿಗೂ ಒಂದೇ ಸಲ ಆಯಿತು ಎಂದು ಕಾಣುತ್ತದೆ, ಏಕೆಂದರೆ ಮೇಜರ್ ಕೋಲನ್ನು ಕೈಬಿಟ್ಟ, ಅಬ್ಬಾ ಶಿಲುಬೆ ಗುರುತು ಮಾಡಿಕೊಂಡರು. ನಾನು ಉಡುಪನ್ನೇ ನೋಡುತ್ತಿದ್ದೆ.

ತಿಬೆಬು ಒಂದು ಹೆಜ್ಜೆ ಮುಂದೆ ಬಂದ. ಅವನ ತುಟಿ ಅಲುಗುತ್ತಿತ್ತು; ಹೊಸ ವಾಕ್ಯ ಕಟ್ಟುತ್ತಿದ್ದಾನೆ ಎಂದು ನನಗೆ ಭಯವಾಯಿತು. ಆದರೆ ಅವನ ಬಾಯಿಂದ ಬಂದದ್ದು ನಾನು ಅವನಿಂದ ಕೇಳಿದ ಮೊದಲ ಬರಿಯ ಮಾತು.

“ಅಸೆಲೆಫೆಚ್, ನಿನ್ನ ಎಡ ಮೊಲೆಯಲ್ಲಿ ಗಂಟಿದೆ. ಯಂತ್ರ ಕಂಡಿತ್ತು. ಆ ಸಂದೇಶ ಆಸ್ಪತ್ರೆದು. ಅದನ್ನ ಬರೆದವನು ನಾನು.”

ಅವಳು ನಗುತ್ತಲೇ ಇದ್ದಳು, ನಿಲ್ಲಿಸುವುದು ಮರೆತವಳ ಹಾಗೆ. ಆಮೇಲೆ ಕೈ ತಾನಾಗಿ ಎಡ ಕಂಕುಳಿಗೆ ಹೋಯಿತು. “ಇಲ್ಲೊಂದು ಇದೆ,” ಎಂದಳು. “ಉಪವಾಸದಲ್ಲಿ ಬಂತು. ಸೂಜಿ ಹಿಡಿದು ಹಿಡಿದು ಅಂದ್ಕೊಂಡೆ.”

ಮೇಜರ್ ಬಗ್ಗಿ ಕೋಲನ್ನು ಎತ್ತಿಕೊಂಡ.

“ಇದನ್ನ ಹೇಳೋಕೆ ಮೂರು ಜನ ಗಂಡಸರು ಬೇಕಾಯ್ತಾ? ಒಂದು ಇಡೀ ಉಪವಾಸ ಬೇಕಾಯ್ತಾ?” ಎಂದಳು. ನಂತರ ತಿಬೆಬು ಕಡೆ ತಿರುಗಿ, ಸಣ್ಣ ದನಿಯಲ್ಲಿ, “ಹಾಗಾದ್ರೆ ಆ ಸಂದೇಶ ಎಲ್ಲರಿಗೂ ಹೋಗುತ್ತಾ?”

“ಗಂಟಿರೋರಿಗೆಲ್ಲ ಹೋಗುತ್ತೆ.”

“ನನಗೆ ಅಂತ ಬರೆದಿದ್ದಲ್ಲ.”

ತಿಬೆಬು ತಲೆ ತಗ್ಗಿಸಿದ. “ಬರೆಯುವಾಗ ಯಾರ ಮುಖ ಎದುರಿಗಿತ್ತು ಅಂತ ಯಂತ್ರಕ್ಕೆ ಗೊತ್ತಿಲ್ಲ,” ಎಂದ.

“ಯಂತ್ರಕ್ಕೆ ಬೇಡ. ನನಗೆ ಹೇಳು.”

“ನಿನ್ನದು.”

“ಇಷ್ಟೇ ಅಲ್ವಾ?” ಎಂದಳು ಅಸೆಲೆಫೆಚ್. “ಎಣಿಸಿದ್ರೆ ಮೂರಕ್ಷರ.” ಸಾರಿನ ಪಾತ್ರೆಯನ್ನು ಒಲೆಯಿಂದ ಇಳಿಸಿ, ಅದೇ ಉಡುಪಿನಲ್ಲಿ ಆಸ್ಪತ್ರೆಗೆ ಹೊರಟಳು.

ಅದು ಆತುರದ ಜಾತಿಯ ಗಂಟು ಎಂದು ಸೂಜಿ ಹಾಕಿದ ಮೇಲೆ ತಿಳಿಯಿತು. ಯಂತ್ರ ಕಂಡಾಗ ಅದೊಂದೇ ಇತ್ತು, ಅಲ್ಲೇ ಇತ್ತು. ಈಗ ಕಂಕುಳಿಗೆ ಹಬ್ಬಿತ್ತು. ಮೊದಲೇ ಬಂದಿದ್ದರೆ ಉಳಿಯುತ್ತಿದ್ದಳಾ ಎಂದು ಡಾಕ್ಟರ್‌ನನ್ನು ಕೇಳಿದೆ. ಆ ನೇರ ಮಾತಿನ ಹುಡುಗ ಮೊದಲ ಬಾರಿಗೆ ಕಿಟಕಿಯ ಹೊರಗೆ ನೋಡುತ್ತ, “ಈ ವರ್ಷ ಮಳೆ ಬೇಗ ಬರೋ ಹಾಗಿದೆ ಗಾಶೆ,” ಎಂದ. ನಮ್ಮ ಊರಿನ ಗಾಳಿ ಅವನಿಗೂ ತಾಗಿತ್ತು.

ರಾಜಧಾನಿಯಲ್ಲಿ ಮೊಲೆ ತೆಗೆದರು. ಮರಳಿ ಬಂದ ಮೇಲೆ ಅವರಿಬ್ಬರೂ ಮದುವೆಯಾದರು. ಮೇಷ್ಟ್ರಿಗೆ ಎರಡನೆಯ ಮದುವೆಯಾ ಎಂದು ಚರ್ಚಿನವರು ಗೊಣಗಿದರು, ಮೇಜರ್ ಗದರಿಸಿ ಸುಮ್ಮನಾಗಿಸಿದ. ಅವಳು ಅದೇ ಉಡುಪನ್ನು ಉಟ್ಟಿದ್ದಳು, ಎಡಭಾಗವನ್ನು ತಾನೇ ಬಿಚ್ಚಿ, ಕಿರಿದಾಗಿಸಿ ಹೊಲಿದುಕೊಂಡಿದ್ದಳು. ಶಿಲುಬೆಗಳ ಸಾಲು ಅಲ್ಲಿ ಸ್ವಲ್ಪ ಬಾಗಿತ್ತು. ಗೊತ್ತಿದ್ದವರಿಗೆ ಮಾತ್ರ ಕಾಣುತ್ತಿತ್ತು. ಆಮೇಲೆ ತೋಳು ಊದಿಕೊಂಡು ಸೂಜಿ ಹಿಡಿಯಲಾಗಲಿಲ್ಲ. ಮುಂದಿನ ಫಾಸಿಕಾಕ್ಕೆ ಅವಳಿರಲಿಲ್ಲ. ಸಾವಿನ ಸುದ್ದಿಯನ್ನು ಹುಮೆರಾದ ಅಣ್ಣನಿಗೆ ಹಿರಿಯರೇ ಹೋಗಿ ಬೆಳಗಿನ ಹೊತ್ತು ಹೇಳಿದರು. ಅದೊಂದು ಸರಿಯಾಗಿ ನಡೆಯಿತು.

ತಿಬೆಬು ಕೆನೆ ಕಲಿಸುವುದನ್ನು ಬಿಟ್ಟಿಲ್ಲ, ಕಟ್ಟುವುದನ್ನು ಬಿಟ್ಟಿದ್ದಾನೆ. ಸಮಾಧಿ ಮಾಡಿ ಬಂದ ವಾರವೇ ಡಾಕ್ಟರ್ ಹತ್ತಿರ ಹೋಗಿ ತನ್ನ ವಾಕ್ಯವನ್ನು ತೆಗೆಸಿದ. ಈಗ ಹೋಗುವುದು ಇದು: ‘ಇದು ಆಸ್ಪತ್ರೆಯಿಂದ. ನಿಮ್ಮ ಮೊಲೆಯಲ್ಲಿ ಗಂಟು ಕಂಡಿದೆ. ಕ್ಯಾನ್ಸರ್ ಇರಬಹುದು. ಚಿಕ್ಕದಿದೆ, ಈಗ ಬಂದರೆ ತೆಗೆಯಬಹುದು. ಈ ವಾರವೇ ಬನ್ನಿ. ಉಪವಾಸವಿದ್ದರೂ ಬನ್ನಿ.’ ಕೊನೆಯ ವಾಕ್ಯವನ್ನು ಅವನು ಹಟ ಹಿಡಿದು ಸೇರಿಸಿದ. ಇದನ್ನು ಓದಿಯೂ ಬುಗ್ಗೆಗೆ ಹೋಗುವವರಿದ್ದಾರೆ. ಆದರೆ ಬಹಳ ಜನ ಬರುತ್ತಾರೆ, ಸಿಟ್ಟಿನಿಂದ ಬರುತ್ತಾರೆ, ಇಷ್ಟು ಒರಟಾಗಿ ಬರೆದವನನ್ನು ಹುಡುಕಿಕೊಂಡು ಬರುತ್ತಾರೆ.

ಅವನು ದಿನವೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುತ್ತಾನೆ. ಮೊನ್ನೆ ನಾನೂ ಜೊತೆಗಿದ್ದೆ. ಮಾರುಕಟ್ಟೆಯಲ್ಲಿ ಮೆಣಸಿನಪುಡಿ ಮಾರುವ ಹೆಂಗಸೊಬ್ಬಳು ಫೋನನ್ನು ಎತ್ತಿ ಹಿಡಿದುಕೊಂಡೇ ಒಳಗೆ ನುಗ್ಗಿದಳು.

“ಯಾವ ಕತ್ತೆ ಬರೆದದ್ದು ಇದನ್ನ? ಅವನಿಗೆ ಅಕ್ಷರ ಕಲಿಸಿದ ಗುರು ಇರ್ಲಿಲ್ವಾ? ಮನೇಲಿ ಹೆಂಗಸರಿಲ್ವಾ ಅವನಿಗೆ?”

ತಿಬೆಬು ಎದ್ದು ನಿಂತು ಅವಳಿಗೆ ಡಾಕ್ಟರ್‌ನ ಬಾಗಿಲು ತೋರಿಸಿದ.

“ಇದ್ದಳು ತಾಯಿ. ಮೊದಲು ಒಳಗೆ ಹೋಗಿ ಬಾ. ಆಮೇಲೆ ಬೈಯುವಿಯಂತೆ, ನಾನು ಇಲ್ಲೇ ಇರ್ತೀನಿ.”